ತೊಗರಿ ಹೂವು ಉದುರದಂತೆ
ದೀಪಾವಳಿಯ ಸುಮಾರಿಗೆ ಕಲಬುರಗಿ ಸೀಮೆಯ ತೊಗರಿ ಹೊಲಗಳು ಹಳದಿ ಹೂವಿನಿಂದ ತುಂಬಿರುತ್ತವೆ. ಅಷ್ಟೂ ಹೂವು ಕಾಯಾದರೆ ಕಣ ಸಾಲದು. ಆದರೆ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಹೂವುಗಳು ಕಾಯಿಕಟ್ಟದೆ ಉದುರುತ್ತವೆ. ದಟ್ಟ ಮಂಜು ಕವಿದರೆ, ಭೂಮಿಯ ಹಸಿ ಆರಿದರೆ ಇನ್ನೂ ಹೆಚ್ಚು.

ಗಾಳಿ ಹೊಡೆತಕ್ಕಿಂತ ಗಿಡ ತಾನೇ ಕಳಚಿಕೊಳ್ಳುವ ಹೂವೇ ಬಹಳ. ಹೂತೊಟ್ಟಿನ ಬುಡದಲ್ಲಿ ಕೆಲವೇ ಪದರಗಳ ಜೀವಕೋಶಗಳ ಪಟ್ಟಿಯೊಂದಿದೆ. ಹೂವಿನಿಂದ ಆಕ್ಸಿನ್ ಎಂಬ ಹಾರ್ಮೋನು ಇಳಿದು ಬರುತ್ತಿರುವ ತನಕ ಅದು ಗಟ್ಟಿ. ಆ ಹರಿವು ಸೊರಗಿತೋ, ಎಥಿಲೀನ್ ಅನಿಲದ ಕೈ ಮೇಲಾಗುತ್ತದೆ. ಕೋಶಗಳನ್ನು ಬೆಸೆದಿದ್ದ ಪೆಕ್ಟಿನ್ ಕರಗಿ ಹೂವು ಬೀಳುತ್ತದೆ.

ಇದನ್ನು ತಡೆಯಲು ಸಿಂಪಡಿಸುವುದು ಆಕ್ಸಿನ್ನಿನಂತೆಯೇ ವರ್ತಿಸುವ ಕೃತಕ ವಸ್ತು, ಎನ್ಎಎ. ಬೇಕಾದದ್ದು ಲೀಟರ್ ನೀರಿಗೆ ಸುಮಾರು 20 ಮಿಲಿಗ್ರಾಂ ಮಾತ್ರ. ಶೇ. 4.5ರ ದ್ರಾವಣವಾದರೆ 15 ಲೀಟರಿನ ಪಂಪಿಗೆ ಸುಮಾರು 7 ಮಿ.ಲೀ. ಸಾಕು. ಇಲ್ಲಿ ಕೈ ಬಿಗಿಯಾಗಿರಲೇಬೇಕು. ಸೇಬಿನ ತೋಟಗಳಲ್ಲಿ ಇದೇ ಎನ್ಎಎ ಬಳಸಿ ಹೆಚ್ಚಾದ ಎಳೆಗಾಯಿಗಳನ್ನು ಉದುರಿಸುತ್ತಾರೆ! ಪ್ರಮಾಣ ಮೀರಿದರೆ ಗಿಡದೊಳಗೆ ಎಥಿಲೀನ್ ಹೆಚ್ಚುತ್ತದೆ. ಉಳಿಸಲು ಹೊಡೆದದ್ದೇ ಕೆಡಿಸುತ್ತದೆ. ಒಳಗೇನಿದೆ, ಎಷ್ಟಿದೆ ಎಂದು ಬರೆಯದ ‘ಟಾನಿಕ್’ ಬಾಟಲಿಗಳನ್ನು ರೈತರು ಕೊಳ್ಳಬಾರದೆಂದು ನಾನು ಒತ್ತಿ ಹೇಳುವುದು ಇದಕ್ಕೇ.

ಹೂವು ಉಳಿದರೆ ಸಾಲದು, ಕಾಯಿಗೆ ಉಣಿಸೂ ಬೇಕು. ಕಾಳು ತುಂಬುವ ಹೊತ್ತಿಗೆ ಬೇರುಗಂಟುಗಳು ಸಾರಜನಕ ಹಿಡಿಯುವ ಕೆಲಸದಲ್ಲಿ ಹಿಂದೆ ಬೀಳುತ್ತವೆ. ಗಿಡದ ಸಕ್ಕರೆಯೆಲ್ಲ ಕಾಯಿಯ ಕಡೆ ಹೊರಟಿರುತ್ತದೆ. ಕಾಳು ಸುರುಟಿ ಜೊಳ್ಳಾಗುವುದು ಆಗಲೇ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ‘ಪಲ್ಸ್ ಮ್ಯಾಜಿಕ್’ನಲ್ಲಿ ಬೆಳವಣಿಗೆ ನಿಯಂತ್ರಕದ ಜೊತೆ ಸಾರಜನಕ, ರಂಜಕ, ಲಘು ಪೋಷಕಾಂಶಗಳನ್ನೂ ಸೇರಿಸಿರುವುದು ಬಹಳ ಸರಿಯಾದ ನಡೆ. ಹೂವಾಡುವಾಗ ಒಮ್ಮೆ, ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಸಿಂಪಡಿಸುತ್ತಾರೆ. ಹಸಿಯೇ ಇಲ್ಲದ ಹೊಲದಲ್ಲಿ ಮಾತ್ರ ಯಾವ ಸಿಂಪಡಣೆಯೂ ನೀರಿನ ಕೆಲಸ ಮಾಡಲಾರದು.

ಬಾಟಲಿಯಿಲ್ಲದೆಯೂ ಹಾರ್ಮೋನಿನ ಲೆಕ್ಕ ಬದಲಿಸಬಹುದು. ತುದಿಕುಡಿಯಲ್ಲಿ ಹುಟ್ಟುವ ಆಕ್ಸಿನ್ ಪಕ್ಕದ ಮೊಗ್ಗುಗಳನ್ನು ಏಳಗೊಡುವುದಿಲ್ಲ. ಬಿತ್ತಿದ ಐವತ್ತು ದಿನದ ಸುಮಾರಿಗೆ ತೊಗರಿಯ ಕುಡಿ ಚಿವುಟಿದರೆ ಆ ತಡೆ ಸಡಿಲವಾಗಿ ಟೊಂಗೆಗಳು ಒಡೆಯುತ್ತವೆ, ಹೂವಿಗೆ ಜಾಗ ಹೆಚ್ಚುತ್ತದೆ. ಪಲ್ಯಕ್ಕೆಂದು ಕಡಲೆಯ ಕುಡಿ ಚಿವುಟುವ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಮಾಡುತ್ತ ಬಂದಿರುವುದೂ ಇದೇ ಕೆಲಸ.