ಕಡಿಮೆ ವೆಚ್ಚದ ಏರ್ ರೈಫಲ್: ಬಿಡಿಭಾಗಗಳ ಆಯ್ಕೆ

ಏರ್ ರೈಫಲ್ ಎಂಬುದು ಒತ್ತಡಕ್ಕೊಳಗಾದ ಗಾಳಿಯ ಬಲದಿಂದ ಸೀಸದ ಸಣ್ಣ ಗುಂಡನ್ನು (ಪೆಲೆಟ್) ಹಾರಿಸುವ ಸಾಧನವಾಗಿದೆ. 10 ಮೀಟರ್ ದೂರದ ಗುರಿ ಸ್ಪರ್ಧೆಗಳಲ್ಲಿ 4.5 ಮಿ.ಮೀ. ವ್ಯಾಸದ ಪೆಲೆಟ್ ಬಳಸುವ ರೈಫಲ್‌ಗಳು ಬಳಕೆಯಲ್ಲಿವೆ. ಸ್ಪರ್ಧಾಮಟ್ಟದ ಹೊಸ ರೈಫಲ್ ದುಬಾರಿಯಾದುದರಿಂದ, ಹಳೆಯ ರೈಫಲ್ ಒಂದನ್ನು ಕೊಂಡು ಅದರ ಸವೆದ ಭಾಗಗಳನ್ನು ಬದಲಿಸಿ ಬಳಸುವ ಪದ್ಧತಿ ಹಲವು ದೇಶಗಳಲ್ಲಿ ರೂಢಿಯಲ್ಲಿದೆ. ಯಾವ ಭಾಗವನ್ನು ಮೊದಲು ಬದಲಿಸಬೇಕು, ಯಾವುದನ್ನು ಹಾಗೆಯೇ ಉಳಿಸಿಕೊಳ್ಳಬಹುದು ಎಂಬುದು ಇಲ್ಲಿ ಮುಖ್ಯ ಪ್ರಶ್ನೆಯಾಗುತ್ತದೆ.

ಹಿನ್ನೆಲೆ

10 ಮೀಟರ್ ಏರ್ ರೈಫಲ್ ಸ್ಪರ್ಧೆಯು 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಸೇರ್ಪಡೆಯಾಯಿತು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಈ ಸ್ಪರ್ಧೆಯಲ್ಲಿ ಚಿನ್ನದ ಪದಕ ಗೆದ್ದರು. ಅದು ಭಾರತಕ್ಕೆ ದೊರೆತ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನವಾಗಿದೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಗಗನ್ ನಾರಂಗ್ ಇದೇ ಸ್ಪರ್ಧೆಯಲ್ಲಿ ಕಂಚಿನ ಪದಕ ಪಡೆದರು.

ಸ್ಪರ್ಧಾ ರೈಫಲ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಮೊದಲನೆಯದರಲ್ಲಿ ಬಲವಾದ ಸ್ಪ್ರಿಂಗ್ ಒಂದು ಪಿಸ್ಟನ್ನನ್ನು ತಳ್ಳಿ ಗಾಳಿಯನ್ನು ಒತ್ತುತ್ತದೆ. ಎರಡನೆಯದರಲ್ಲಿ ಪಕ್ಕದ ಸನ್ನೆಯನ್ನು ಒಮ್ಮೆ ಎಳೆದು ಮುಚ್ಚಿದಾಗ ಗಾಳಿ ಒತ್ತಲ್ಪಡುತ್ತದೆ. ಮೂರನೆಯದರಲ್ಲಿ ಮೊದಲೇ ತುಂಬಿಟ್ಟ ಸಿಲಿಂಡರ್‌ನಿಂದ ಪ್ರತಿ ಹೊಡೆತಕ್ಕೂ ಅಳತೆಯ ಗಾಳಿ ಬಿಡುಗಡೆಯಾಗುತ್ತದೆ. ಜರ್ಮನಿಯ ಫೈನ್‌ವರ್ಕ್‌ಬೌ, ಅನ್‌ಶುಟ್ಸ್ ಮತ್ತು ವಾಲ್ಟರ್ ಸಂಸ್ಥೆಗಳ ಹಳೆಯ ಮಾದರಿಗಳು ಇಂದಿಗೂ ಕೈಬದಲಾಗುತ್ತಿವೆ.

ನಿಖರತೆಯ ಅಳತೆ

ಅಂತರರಾಷ್ಟ್ರೀಯ ಗುರಿಪಟದಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸ ಕೇವಲ 0.5 ಮಿ.ಮೀ. ಆದರೆ ಪೆಲೆಟ್‌ನ ಅಂಚು ಆ ಚುಕ್ಕೆಯನ್ನು ಸೋಕಿದರೂ ಹತ್ತು ಅಂಕ ದೊರೆಯುತ್ತದೆ. ಪೆಲೆಟ್‌ನ ವ್ಯಾಸ 4.5 ಮಿ.ಮೀ. ಆದುದರಿಂದ ಅದರ ನಡುಬಿಂದು ಗುರಿಯ ಕೇಂದ್ರದಿಂದ 2.5 ಮಿ.ಮೀ. ದೂರದೊಳಗೆ ಇದ್ದರೆ ಸಾಕು. ರೈಫಲನ್ನು ಭದ್ರವಾದ ಆಸರೆಯ ಮೇಲಿಟ್ಟು ಹೊಡೆದಾಗ ಎಲ್ಲ ಪೆಲೆಟ್‌ಗಳ ನಡುಬಿಂದುಗಳೂ 5 ಮಿ.ಮೀ. ವ್ಯಾಸದ ವೃತ್ತದೊಳಗೆ ಬಿದ್ದರೆ, ಆ ರೈಫಲ್‌ಗೆ ಹತ್ತು ಅಂಕ ಪಡೆಯುವ ಸಾಮರ್ಥ್ಯ ಇದೆ ಎಂದರ್ಥ. ಭಾಗಗಳಿಗೆ ಹಣ ವ್ಯಯಿಸುವ ಮೊದಲು ಈ ಪರೀಕ್ಷೆ ಮಾಡುವುದು ಅಗತ್ಯ. ರೈಫಲ್ ಈ ಪರೀಕ್ಷೆಯಲ್ಲಿ ತೇರ್ಗಡೆಯಾದರೆ, ಕಡಿಮೆಯಾಗುತ್ತಿರುವ ಅಂಕಗಳ ಕಾರಣವನ್ನು ನಳಿಕೆಯಲ್ಲಿ ಹುಡುಕದೆ ಹಿಡಿತ, ನಿಲುವು ಮತ್ತು ಅಭ್ಯಾಸಗಳಲ್ಲಿ ಹುಡುಕಬೇಕಾಗುತ್ತದೆ.

ಗಾಳಿಯ ವ್ಯವಸ್ಥೆ

ಹಳೆಯ ರೈಫಲ್‌ನಲ್ಲಿ ಮೊದಲು ಪರಿಶೀಲಿಸಬೇಕಾದುದು ಸೀಲ್ ಮತ್ತು ಓ-ರಿಂಗ್‌ಗಳನ್ನು. ರಬ್ಬರ್ ಹಾಗೂ ಪ್ಲಾಸ್ಟಿಕ್ ಜಾತಿಯ ಸೀಲ್‌ಗಳು ಕಾಲಕ್ರಮದಲ್ಲಿ ಗಟ್ಟಿಯಾಗಿ ಬಿರುಕುಬಿಡುತ್ತವೆ ಅಥವಾ ಪುಡಿಯಾಗುತ್ತವೆ. ಆಗ ಪ್ರತಿ ಹೊಡೆತದ ವೇಗ ಬೇರೆ ಬೇರೆಯಾಗಿ ಪೆಲೆಟ್‌ಗಳು ಮೇಲೆ ಕೆಳಗೆ ಚದುರುತ್ತವೆ. ಸೀಲ್‌ಗಳ ಬೆಲೆ ಅಲ್ಪ, ಆದರೆ ಅವುಗಳಿಂದ ದೊರೆಯುವ ಸುಧಾರಣೆ ದೊಡ್ಡದು.

ಸಿಲಿಂಡರ್ ಇರುವ ರೈಫಲ್‌ಗಳಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಸುಮಾರು 200 ಬಾರ್ ಒತ್ತಡವನ್ನು ಹಿಡಿದಿಡುವ ಸಿಲಿಂಡರ್‌ಗೆ ತಯಾರಕರು ಸಾಮಾನ್ಯವಾಗಿ 10 ವರ್ಷಗಳ ಬಳಕೆಯ ಅವಧಿಯನ್ನು ನಿಗದಿಪಡಿಸುತ್ತಾರೆ. ತಯಾರಿಕೆಯ ದಿನಾಂಕವನ್ನು ಸಿಲಿಂಡರ್‌ನ ಮೇಲೆಯೇ ಕೆತ್ತಿರುತ್ತಾರೆ. ಅವಧಿ ಮುಗಿದ ಸಿಲಿಂಡರ್ ನೋಡಲು ಹೊಸದರಂತೆ ಕಂಡರೂ ಅಪಾಯಕಾರಿ, ಅದರೊಡನೆ ಸ್ಪರ್ಧೆಗೆ ಪ್ರವೇಶವೂ ದೊರೆಯದಿರಬಹುದು. ಅಗ್ಗಕ್ಕೆ ಸಿಕ್ಕ ರೈಫಲ್‌ನ ಬೆಲೆಗೆ ಹೊಸ ಸಿಲಿಂಡರ್‌ನ ಬೆಲೆಯನ್ನು ಸೇರಿಸಿ ಲೆಕ್ಕ ಹಾಕಿದಾಗ ಮಾತ್ರ ಅದರ ನಿಜವಾದ ವೆಚ್ಚ ತಿಳಿಯುತ್ತದೆ. ಒಂದು ತಯಾರಕರ ಸಿಲಿಂಡರ್ ಮತ್ತೊಬ್ಬರ ರೈಫಲ್‌ಗೆ ಹೊಂದುತ್ತದೆ ಎಂದು ಭಾವಿಸಬಾರದು.

ಪೆಲೆಟ್

ಗುರಿ ಸ್ಪರ್ಧೆಗೆ ಚಪ್ಪಟೆ ಮೂತಿಯ ಪೆಲೆಟ್‌ಗಳನ್ನು ಬಳಸುತ್ತಾರೆ. ಅವು ಕಾಗದದಲ್ಲಿ ದುಂಡಾದ, ಸ್ವಚ್ಛವಾದ ರಂಧ್ರ ಮಾಡುತ್ತವೆ. ಒಂದೇ ಹೆಸರಿನ ಪೆಲೆಟ್‌ಗಳು 4.49, 4.50 ಮಿ.ಮೀ. ಹೀಗೆ ತಲೆಯ ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸದೊಡನೆ ದೊರೆಯುತ್ತವೆ. ಪ್ರತಿಯೊಂದು ನಳಿಕೆಯೂ ತನ್ನದೇ ಅಳತೆಗೆ ಚೆನ್ನಾಗಿ ಸ್ಪಂದಿಸುವುದರಿಂದ ನಾಲ್ಕೈದು ಬಗೆಯವನ್ನು ಆಸರೆಯ ಮೇಲಿಟ್ಟು ಪರೀಕ್ಷಿಸಬೇಕು. ನಳಿಕೆ ಕೆಟ್ಟಿದೆ ಎಂದು ತೋರುವ ಎಷ್ಟೋ ಸಂದರ್ಭಗಳಲ್ಲಿ ಪೆಲೆಟ್ ಬದಲಿಸಿದೊಡನೆ ದೋಷ ಮಾಯವಾಗುತ್ತದೆ.

ಗುರಿನೋಟ

ಹಿಂಬದಿಯಲ್ಲಿ ಸಣ್ಣ ರಂಧ್ರವಿರುವ ಡಯಾಪ್ಟರ್ (ಪೀಪ್ ಸೈಟ್) ಮತ್ತು ಮುಂಬದಿಯಲ್ಲಿ ಉಂಗುರವಿರುವ ಸೈಟ್ ಸ್ಪರ್ಧಾ ರೈಫಲ್‌ನ ಸಾಮಾನ್ಯ ಜೋಡಿ. ಎರಡು ಸೈಟ್‌ಗಳ ನಡುವೆ 75 ಸೆಂ.ಮೀ. ಅಂತರವಿದ್ದಾಗ ಹಿಂದಿನ ಸೈಟ್ 0.2 ಮಿ.ಮೀ. ಅಲುಗಿದರೆ 10 ಮೀಟರ್ ದೂರದಲ್ಲಿ ಪೆಲೆಟ್ ಸುಮಾರು 2.7 ಮಿ.ಮೀ. ಪಕ್ಕಕ್ಕೆ ಬೀಳುತ್ತದೆ. ಅಂದರೆ ಸೈಟ್‌ನ ಸಡಿಲಿಕೆಯೊಂದೇ ಹತ್ತನ್ನು ಒಂಬತ್ತಾಗಿಸಬಲ್ಲುದು. ಆದ್ದರಿಂದ ಬಳಸಿದ ಡಯಾಪ್ಟರ್ ಕೊಳ್ಳುವಾಗ ತಿರುಪುಗಳನ್ನು ಎರಡೂ ದಿಕ್ಕಿಗೆ ತಿರುಗಿಸಿ, ಅದು ಪ್ರತಿ ಬಾರಿಯೂ ಅದೇ ಸ್ಥಾನಕ್ಕೆ ಮರಳುತ್ತದೆಯೇ ಎಂದು ನೋಡಬೇಕು. ಬಹುತೇಕ ಏರ್ ರೈಫಲ್‌ಗಳಲ್ಲಿ ಸೈಟ್ ಕೂರುವ ಹಳಿಯ ಅಗಲ 11 ಮಿ.ಮೀ. ಆಗಿರುವುದರಿಂದ ಬೇರೆ ತಯಾರಕರ ಸೈಟ್ ಕೂಡ ಹೊಂದಿಕೊಳ್ಳುವ ಸಾಧ್ಯತೆ ಹೆಚ್ಚು. ಈ ಸ್ಪರ್ಧೆಯಲ್ಲಿ ದೂರದರ್ಶಕ ಸೈಟ್‌ಗೆ ಅವಕಾಶವಿಲ್ಲ.

ಸ್ಟಾಕ್ ಮತ್ತು ಬಟ್ ಪ್ಲೇಟ್

ಭುಜಕ್ಕೆ ಆನುವ ಬಟ್ ಪ್ಲೇಟ್ ಮತ್ತು ಕೆನ್ನೆಗೆ ತಾಗುವ ಪಟ್ಟಿಯನ್ನು ಮೇಲೆ ಕೆಳಗೆ, ಹಿಂದೆ ಮುಂದೆ ಸರಿಹೊಂದಿಸುವ ಅನುಕೂಲವಿದ್ದರೆ ರೈಫಲ್ ಬಳಸುವವರ ಮೈಕಟ್ಟಿಗೆ ಒಗ್ಗುತ್ತದೆ. ಬೆಳೆಯುವ ವಯಸ್ಸಿನ ವಿದ್ಯಾರ್ಥಿಗಳಿಗೆ ಇದು ವಿಶೇಷವಾಗಿ ಮುಖ್ಯ. ಕಣ್ಣು ತಾನಾಗಿಯೇ ಸೈಟ್‌ನ ರಂಧ್ರದ ಎದುರಿಗೆ ಬರದಿದ್ದರೆ ಕತ್ತನ್ನು ಬಾಗಿಸಬೇಕಾಗುತ್ತದೆ. ಅದರಿಂದ ಆಯಾಸ ಉಂಟಾಗಿ 60 ಹೊಡೆತಗಳ ಸ್ಪರ್ಧೆಯ ಕೊನೆಯ ಭಾಗದಲ್ಲಿ ಅಂಕಗಳು ಕುಸಿಯುತ್ತವೆ. ದುಬಾರಿ ಅಲ್ಯೂಮಿನಿಯಂ ಸ್ಟಾಕ್‌ಗೆ ಬದಲಾಗಿ, ಇರುವ ಮರದ ಸ್ಟಾಕ್‌ಗೆ ಹೊಂದಿಸಬಹುದಾದ ಬಟ್ ಪ್ಲೇಟ್ ಜೋಡಿಸಿದರೂ ಈ ತೊಂದರೆ ಬಹುಮಟ್ಟಿಗೆ ನೀಗುತ್ತದೆ. ಸೈಟ್‌ಗಳೂ ಸೇರಿ ರೈಫಲ್‌ನ ತೂಕ 5.5 ಕಿ.ಗ್ರಾಂ. ಮೀರಬಾರದು.

ಟ್ರಿಗರ್ ಮತ್ತು ನಳಿಕೆ

ಸ್ಪರ್ಧಾ ರೈಫಲ್‌ಗಳ ಮೂಲ ಟ್ರಿಗರ್‌ಗಳಲ್ಲಿ ತೂಕ ಮತ್ತು ಚಲನೆಯನ್ನು ಸರಿಹೊಂದಿಸುವ ತಿರುಪುಗಳಿರುತ್ತವೆ. ಶುಚಿಗೊಳಿಸಿ ಸರಿಹೊಂದಿಸಿದರೆ ಅವನ್ನು ಬದಲಿಸುವ ಅಗತ್ಯ ಬೀಳುವುದು ವಿರಳ. ಆದರೆ ರೈಫಲ್ ತುಸು ತಟ್ಟಿದರೂ ಬಿಡುಗಡೆಯಾಗುವಷ್ಟು ಹಗುರಗೊಳಿಸುವುದು ಅಪಾಯಕರ. ಟ್ರಿಗರ್‌ನ ಲೋಹದ ಅಂಚುಗಳನ್ನು ಉಜ್ಜುವ ಕೆಲಸವನ್ನು ನುರಿತವರಿಗೇ ಬಿಡಬೇಕು.

ನಳಿಕೆಯನ್ನು ಬದಲಿಸುವುದು ಕೊನೆಯ ಹೆಜ್ಜೆ. ಸೀಸದ ಮೃದು ಪೆಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಮಾತ್ರ ಸಾಗುವುದರಿಂದ ಮತ್ತು ಸಿಡಿಮದ್ದಿನ ಶಾಖ ಇಲ್ಲದಿರುವುದರಿಂದ ಏರ್ ರೈಫಲ್‌ನ ನಳಿಕೆ ಬಹಳ ನಿಧಾನವಾಗಿ ಸವೆಯುತ್ತದೆ. ತುಕ್ಕು ಹಿಡಿದಿರದಿದ್ದರೆ, ಮೂತಿಯ ಅಂಚು ಜಖಂಗೊಂಡಿರದಿದ್ದರೆ ಹಳೆಯ ನಳಿಕೆ ಹೊಸದರಷ್ಟೇ ಕೆಲಸ ಮಾಡಬಲ್ಲುದು.

ನಿಯಮ ಮತ್ತು ಸುರಕ್ಷತೆ

ಹೆಚ್ಚು ಬಲದ ಸ್ಪ್ರಿಂಗ್ ಅಳವಡಿಸುವುದರಿಂದ 10 ಮೀಟರ್ ಗುರಿಯಲ್ಲಿ ಲಾಭವಿಲ್ಲ. ಸ್ಪರ್ಧಾ ರೈಫಲ್‌ಗೆ ಸುಮಾರು 7.5 ಜೌಲ್ ಶಕ್ತಿ ಸಾಕು. ಭಾರತದಲ್ಲಿ 2016ರ ಶಸ್ತ್ರಾಸ್ತ್ರ ನಿಯಮಗಳು ಏರ್ ರೈಫಲ್‌ಗಳಿಗೂ ಅನ್ವಯಿಸುತ್ತವೆ. ಶಕ್ತಿ 20 ಜೌಲ್ ಮೀರಿದರೆ ಪರವಾನಗಿ ಪಡೆಯಬೇಕಾಗುತ್ತದೆ. ಸನ್ನೆಯ ಹಿಡಿತ ಸವೆದ ರೈಫಲ್‌ನಲ್ಲಿ ಸನ್ನೆ ಹಠಾತ್ತನೆ ಮರಳಿ ಬೆರಳಿಗೆ ಪೆಟ್ಟಾಗುವ ಸಂಭವವಿರುವುದರಿಂದ ಪೆಲೆಟ್ ತುಂಬುವಾಗ ಇನ್ನೊಂದು ಕೈಯಿಂದ ಸನ್ನೆಯನ್ನು ಹಿಡಿದಿರಬೇಕು.

ಒಟ್ಟಿನಲ್ಲಿ, ಮಿತವಾದ ಹಣವನ್ನು ಮೊದಲು ಸುರಕ್ಷತೆ ಹಾಗೂ ಸೀಲ್‌ಗಳಿಗೆ, ನಂತರ ಹೊಂದುವ ಪೆಲೆಟ್‌ಗೆ, ಬಳಿಕ ಸೈಟ್ ಮತ್ತು ಬಟ್ ಪ್ಲೇಟ್‌ಗಳಿಗೆ ಬಳಸುವುದು ಸೂಕ್ತ ಕ್ರಮವಾಗಿದೆ. ಉಳಿದ ಹಣಕ್ಕೆ ನಳಿಕೆಗಿಂತ ಅಭ್ಯಾಸದ ಪೆಲೆಟ್‌ಗಳೇ ಹೆಚ್ಚು ಪ್ರಯೋಜನಕಾರಿ.