ಗಿನಿಹಂದಿಯ ಗೂಡಿಗೆ ತಕ್ಕ ಹಾಸು

ಈಚೆಗೆ ಪರಿಚಿತರೊಬ್ಬರ ಮನೆಗೆ ನಾವು ಹೋಗಿದ್ದಾಗ, ಮಕ್ಕಳು ತಂತಿಜಾಲರಿಯ ಗೂಡಿನಿಂದ ತಮ್ಮ ಗಿನಿಹಂದಿಯನ್ನು ಎತ್ತಿ ತೋರಿಸಿದರು. ಹೆಸರಿಗಷ್ಟೇ ಹಂದಿ, ಕುಲದಲ್ಲಿ ಅದು ಇಲಿಯ ಬಳಗ. ಅಂಗಾಲು ಕೆಂಪಾಗಿ ಬಾತಿತ್ತು. ಮುಳ್ಳು ಚುಚ್ಚಿರಬೇಕೆಂದು ಮನೆಯವರು ಭಾವಿಸಿದ್ದರು. ದೋಷವಿದ್ದುದು ಗೂಡಿನ ತಳದಲ್ಲಿ.

ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಸೀಮೆಯಲ್ಲಿ ಸಾವಿರಾರು ವರ್ಷಗಳ ಹಿಂದೆಯೇ ಮನೆಸೇರಿದ ಈ ಪ್ರಾಣಿಯ ಅಂಗಾಲಿಗೆ ರೋಮದ ಕಾಪಿಲ್ಲ. ತಂತಿಯ ಮೇಲೆ ನಿಂತರೆ ಮೈಭಾರವೆಲ್ಲ ಸಣ್ಣ ಎಳೆಗಳ ಮೇಲೆ ಬಿದ್ದು ಚರ್ಮ ಬಿರಿಯುತ್ತದೆ. ಬಿರುಕಿಗೆ ಸೇರಿದ ಸೋಂಕು ಎಲುಬಿನವರೆಗೂ ಇಳಿಯಬಹುದು. ಆದುದರಿಂದ ತಳವು ಗಟ್ಟಿಯಾಗಿ, ಸಮತಟ್ಟಾಗಿ ಇರತಕ್ಕದ್ದು. ಮೇಲೆ ಎರಡು ಅಂಗುಲ ದಪ್ಪದ ಹಾಸು ಬೇಕು.

ಪುಕ್ಕಟೆ ಸಿಗುವುದೆಂದು ಮರದ ಹೊಟ್ಟು ತಂದು ಸುರಿಯುವವರುಂಟು. ಅದರ ಧೂಳು ಕಣ್ಣುಮೂಗುಗಳನ್ನು ಸೇರುತ್ತದೆ. ಸೀಡರ್ ಮರದ ಸಿಪ್ಪೆ ನಮಗೆ ಸುವಾಸನೆ. ಆ ಸುವಾಸನೆಯೇ ಅದರ ಶ್ವಾಸಕ್ಕೆ ಕಂಟಕ. ಕಾಗದದ ತಿರುಳಿನ ಹಾಸು ಉತ್ತಮ. ವೃತ್ತಪತ್ರಿಕೆಯ ಪದರಗಳ ಮೇಲೆ ಮೆತ್ತನೆಯ ಒಣಹುಲ್ಲು ಹರಡಿದರೂ ನಡೆಯುತ್ತದೆ. ಹುಲ್ಲು ಅದರ ಆಹಾರವೂ ಹೌದು. ಬಿರುಸಾದ ಭತ್ತದ ಹುಲ್ಲು ಮಾತ್ರ ಬೇಡ, ಕಡ್ಡಿ ಕಣ್ಣಿಗೆ ಚುಚ್ಚೀತು.

ಒದ್ದೆಯಾದುದನ್ನು ನಿತ್ಯವೂ, ಉಳಿದುದನ್ನು ವಾರಕ್ಕೊಮ್ಮೆಯೂ ತೆಗೆಯಬೇಕು. ಮೂತ್ರದಿಂದೇಳುವ ಅಮೋನಿಯಾ ನಮ್ಮ ಮೂಗಿಗೆ ತಿಳಿಯುವ ವೇಳೆಗೆ, ಹಾಸಿಗೇ ಮೂಗೂರಿ ಮಲಗುವ ಜೀವಿ ಅದನ್ನು ಬಹಳ ಹೊತ್ತು ಉಸಿರಾಡಿರುತ್ತದೆ.

ಆ ಮಕ್ಕಳು ಅಂದೇ ಜಾಲರಿಯ ಮೇಲೆ ಹಲಗೆಯಿಟ್ಟು ಹಾಸು ಹರಡಿದರು. ಕಾಲನ್ನು ಪಶುವೈದ್ಯರಿಗೆ ತೋರಿಸಲು ಹೇಳಿ ಬಂದೆವು.