ಎತ್ತರದ ಮನೆಗೆ ಅನಿಲ ತುಂಬಿದ ಕಿಟಕಿ: ತಪ್ಪು ಕಲ್ಪನೆ ಮತ್ತು ವಾಸ್ತವ

ಲಡಾಖಿನ ಲೇಹ್ ಪಟ್ಟಣ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಚಳಿಗಾಲದ ರಾತ್ರಿ ಅಲ್ಲಿ ಮನೆಯ ಬಿಸಿ ಕಿಟಕಿಯಿಂದಲೇ ಬಹಳಷ್ಟು ಸೋರಿಹೋಗುತ್ತದೆ. ಎರಡು ಗಾಜುಗಳ ನಡುವೆ ಆರ್ಗಾನ್ ಅನಿಲ ತುಂಬಿ ಮುಚ್ಚಿದ ಕಿಟಕಿ ಈ ಸೋರಿಕೆಯನ್ನು ತಗ್ಗಿಸುತ್ತದೆ. ಆದರೆ ಬಯಲುಸೀಮೆಯ ಲೆಕ್ಕವನ್ನೇ ಅಲ್ಲಿಗೂ ಹಾಕಿದರೆ ದುಡ್ಡೂ ಹೋಗುತ್ತದೆ, ಗಾಜೂ ಒಡೆಯುತ್ತದೆ.

ತಪ್ಪು ಕಲ್ಪನೆ: ದಿಲ್ಲಿಯಲ್ಲಿ ಚೆನ್ನಾಗಿರುವ ಕಿಟಕಿ ಲೇಹ್‌ನಲ್ಲೂ ಚೆನ್ನಾಗಿರುತ್ತದೆ.

ವಾಸ್ತವ: ದಿಲ್ಲಿಯಲ್ಲಿ ಮುಚ್ಚಿದ ಗಾಜಿನೊಳಗೆ ದಿಲ್ಲಿಯ ವಾಯುಒತ್ತಡವೇ ಉಳಿದಿರುತ್ತದೆ. ಲೇಹ್‌ನ ಒತ್ತಡ ಅದರ ಮೂರನೇ ಎರಡರಷ್ಟು. ಗಾಜು ಬಾಗದೇ ನಿಂತಿದ್ದರೆ ಪ್ರತಿ ಚದರ ಮೀಟರಿಗೆ ಮೂರು ಟನ್ನಿಗೂ ಮಿಕ್ಕ ಭಾರ ಒಳಗಿನಿಂದ ಒತ್ತುತ್ತಿತ್ತು. ಗಾಜು ಹೊರಕ್ಕೆ ಉಬ್ಬುವುದು ಅದಕ್ಕೇ. ನೇರವಾದ ಪಟ್ಟಿಯೊಂದನ್ನು ಗಾಜಿಗೆ ಅಡ್ಡಲಾಗಿ ಹಿಡಿದರೆ ಉಬ್ಬು ಕಣ್ಣಿಗೇ ಕಾಣುತ್ತದೆ. ಕ್ರಮೇಣ ಅಂಚಿನ ಅಂಟು ಬಿಡುತ್ತದೆ, ಕೆಲವೊಮ್ಮೆ ಗಾಜೇ ಸೀಳುತ್ತದೆ. ಸುಲಭವಾಗಿ ಬಾಗದ ಸಣ್ಣ, ಕಿರಿದಾದ ಗಾಜಿಗೆ ಅಪಾಯ ಹೆಚ್ಚು.

ತಪ್ಪು ಕಲ್ಪನೆ: ಮನೆ ಇರುವ ಎತ್ತರವೊಂದು ತಿಳಿದರೆ ಸಾಕು.

ವಾಸ್ತವ: ಗಾಜು ಬರುವ ದಾರಿಯೂ ತಿಳಿದಿರಬೇಕು. ಮನಾಲಿಯಿಂದ ಲೇಹ್‌ಗೆ ಹೋಗುವ ಲಾರಿ 5,300 ಮೀಟರ್ ಮೀರಿದ ತಗ್ಲಾಂಗ್ ಲಾ ಎಂಬ ಕಣಿವೆಮಾರ್ಗವನ್ನು ದಾಟುತ್ತದೆ. ಅಲ್ಲಿ ಹೊರಗಿನ ಒತ್ತಡ ಬಯಲಿನ ಅರ್ಧದ ಆಸುಪಾಸು.

ತಪ್ಪು ಕಲ್ಪನೆ: ಅಂಚಿಗೆ ಸಣ್ಣ ಕೊಳವೆ ಇಟ್ಟರೆ ಎಲ್ಲವೂ ಸರಿಹೋಗುತ್ತದೆ.

ವಾಸ್ತವ: ಸೂಜಿಯಂಥ ಉಕ್ಕಿನ ಕೊಳವೆ ಒತ್ತಡವನ್ನೇನೋ ಸಮ ಮಾಡುತ್ತದೆ. ಆದರೆ ತೆರೆದೇ ಇದ್ದರೆ ಆರ್ಗಾನ್ ಹೊರಬಿದ್ದು ಗಾಳಿ ಒಳಸೇರುತ್ತದೆ. ಅನಿಲ ಉಳಿಯಬೇಕಾದರೆ ಮನೆಯ ಎತ್ತರದಲ್ಲೇ ಒತ್ತಡ ಸಮ ಮಾಡಿ, ಅನಿಲ ತುಂಬಿ ಮುಚ್ಚಬೇಕು.

ತಪ್ಪು ಕಲ್ಪನೆ: ಆರ್ಗಾನ್ ಇಲ್ಲದಿದ್ದರೆ ಕಿಟಕಿ ವ್ಯರ್ಥ.

ವಾಸ್ತವ: ಆರ್ಗಾನಿನ ಶಾಖವಾಹಕತೆ ಗಾಳಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ, ನಿಜ. ಆದರೂ ಹೆಚ್ಚಿನ ಕೆಲಸ ಗಾಜಿನ ಒಳಮೈಯ ಲೋ-ಇ ಲೇಪನದ್ದು. ಕೋಣೆಯ ಬಿಸಿಯನ್ನು ಹಿಂದಕ್ಕೆ ಕಳಿಸುವುದು ಅದೇ. ಲೇಪನವಿದ್ದು ಒಣಗಾಳಿ ತುಂಬಿದ ಕಿಟಕಿ, ಲೇಪನವಿಲ್ಲದ ಆರ್ಗಾನ್ ಕಿಟಕಿಗಿಂತ ಮೇಲು.

ತಪ್ಪು ಕಲ್ಪನೆ: ಬಿಸಿಲು ತಡೆಯುವ ಗಾಜು ಎಲ್ಲೆಡೆಗೂ ಒಳ್ಳೆಯದು.

ವಾಸ್ತವ: ಬೆಂಗಳೂರಿನ ಕಚೇರಿಗೆ ಹೊಂದುವ ಆ ಗಾಜನ್ನು ಲೇಹ್‌ನ ದಕ್ಷಿಣದ ಗೋಡೆಗೆ ಹಾಕಿದರೆ ಪುಕ್ಕಟೆ ಸಿಗುವ ಹಗಲಿನ ಬಿಸಿಯೂ ತಪ್ಪಿಹೋಗುತ್ತದೆ. ಅಲ್ಲಿಗೆ ಬಿಸಿಲನ್ನು ಒಳಬಿಡುವ ಲೋ-ಇ ಗಾಜೇ ಬೇಕು.

ಆದ್ದರಿಂದ ಬೆಟ್ಟದ ಮನೆಗೆ ಕಿಟಕಿ ಕೊಳ್ಳುವವರು ಯಾವ ಅನಿಲ ಎಂದು ಕೇಳುವ ಮೊದಲು, ಎಷ್ಟು ಎತ್ತರದಲ್ಲಿ ಮುಚ್ಚಿದ್ದು, ಯಾವ ದಾರಿಯಲ್ಲಿ ಬರುತ್ತದೆ ಎಂದು ಕೇಳಲಿ. ಉತ್ತರವನ್ನು ಖಾತರಿ ಪತ್ರದಲ್ಲೇ ಬರೆಸಿಕೊಳ್ಳಲಿ.